ಎಂಟು ಮಾತ್ರೆ

ತಂಡಕ್ಕೆ ಸೇರಿಸಿಕೊಂಡ ದಿನ ಸುನ್ವಾ ಹೇಳಿದ್ದಿಷ್ಟು:
ಮೂರನೆಯ ನುಡಿ ಮುಗಿದ ಮೇಲೆ
ಎಂಟು ಮಾತ್ರೆ ಗಿಟಾರ್ ಮುಟ್ಟಬೇಡ.
ಎಣಿಸು.

ಅದು ರೋಯಿಯ ಜಾಗ. ಅವನ ಪಿಟೀಲು ಅಲ್ಲಿ ಏಳುತ್ತಿತ್ತಂತೆ
ಬೋಳುಗುಡ್ಡಕ್ಕೆ ಮೋಡ ಹತ್ತಿದ ಹಾಗೆ, ಅವಸರವಿಲ್ಲದೆ.
ನಾನು ಕೇಳಿದವನಲ್ಲ. ನಾನು ಬರುವಷ್ಟರಲ್ಲಿ
ಕೋಪನ್‌ಹೇಗನ್ನಿನ ಆಸ್ಪತ್ರೆಯಿಂದ ಫಾರೋ ದ್ವೀಪಕ್ಕೆ
ಪೆಟ್ಟಿಗೆಗಳೆರಡೂ ಬಂದಾಗಿತ್ತು,
ದೊಡ್ಡದೊಂದು, ಪಿಟೀಲಿನದೊಂದು.
ಅಲ್ಲಿ ದಿನಕ್ಕೆ ಎಂಟು ಮಾತ್ರೆ ನುಂಗಿಸುತ್ತಿದ್ದರಂತೆ.
ಇವಳು ಅಷ್ಟನ್ನೇ ಉಳಿಸಿಕೊಂಡಿದ್ದಳು.

ಹಾಡು ಹಳೆಯದು, ಡ್ರಮ್ಮು ಹೊಸದು.
ಹಾಡಿನೊಳಗೊಬ್ಬಳು ಸತ್ತ ಗಂಡನ ಸ್ವೆಟರು ಬಿಚ್ಚಿ
ಚಳಿಗಾಲಕ್ಕೊಮ್ಮೆ ಅದೇ ಉಣ್ಣೆಯಲ್ಲಿ ಮತ್ತೆ ಹೆಣೆಯುತ್ತಾಳೆ.
ಪ್ರತಿ ಸಲ ನೂಲು ಒಂದಿಷ್ಟು ಸವೆದು
ತೋಳು ಗಿಡ್ಡವಾಗಿ, ಎದೆ ಬಿಗಿಯಾಗಿ
ಕೊನೆಗದು ಮಗುವಿನ ಅಳತೆಗೆ ಬಂದು ನಿಲ್ಲುತ್ತದೆ.
ಮಗು ಇಲ್ಲ.
ಅಲ್ಲಿಗೆ ಮೂರನೆಯ ನುಡಿ.

ಒಂದು, ಎರಡು.
ಆಂಪ್ಲಿಫೈಯರು ಗುಂಯ್‌ಗುಡುತ್ತದೆ.
ಜನ ತಮ್ಮ ತಮ್ಮ ಬಿಯರಿನ ಲೋಟ ನೋಡುತ್ತಾರೆ.
ಅವಳ ಗದ್ದ ಎಡಕ್ಕೆ ತುಸುವೇ ವಾಲುತ್ತದೆ,
ಅಲ್ಲೊಂದು ಪಿಟೀಲಿಗೆ ಆನಿಸಿದಂತೆ.
ಏಳು, ಎಂಟು.

ಮೂರು ವರ್ಷ ಎಣಿಸಿದೆ.
ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಪಟ್ಟೆ.
ಆ ಖಾಲಿಗೆ ಕೂರುವಂಥ ಒಂದು ಸ್ವರಸಾಲು
ನನ್ನಷ್ಟಕ್ಕೆ ಕಟ್ಟಿಕೊಂಡೆ. ಕಾರ್ಖಾನೆಯಲ್ಲಿ
ಮೀನು ಸೀಳುತ್ತ ಸೀಳುತ್ತ ತಿದ್ದಿದೆ.

ಸ್ಕಾಲವೀಕಿನ ಆ ರಾತ್ರಿ ಬಾರಿಸಿಯೇಬಿಟ್ಟೆ.
ನಾನು ಬಾರಿಸಿದ್ದಕ್ಕೂ ಗಾಳಿ ಕರೆಂಟು ಕಿತ್ತದ್ದಕ್ಕೂ ಸರಿಹೋಯಿತು.
ಕರೆಂಟಿಲ್ಲದ ಗಿಟಾರೆಂದರೆ ತಗಡಿನ ಮೇಲೆ ಉಗುರು, ಅಷ್ಟೇ ಸದ್ದು.
ಕತ್ತಲು. ಗುಂಯ್ ಎನ್ನುವುದೂ ಇಲ್ಲ.
ಆಮೇಲೆ ಬಲೆ ನೇಯುವ ಮುದುಕ ಹಾನುಸನ ಕಾಲು:
ಎಡಕ್ಕೆರಡು ಹೆಜ್ಜೆ, ಬಲಕ್ಕೊಂದು,
ಅಜ್ಜಂದಿರ ಸರಪಳಿ ಕುಣಿತದ್ದು.
ಪಕ್ಕದವರ ಕೈ ಹಿಡಿದಿರಬೇಕು, ಅವರು ಅವರ ಪಕ್ಕದವರದು,
ಹಲಗೆಯ ನೆಲವೇ ಎದ್ದು ನಡೆಯತೊಡಗಿತು
ಎಡಕ್ಕೆರಡು, ಬಲಕ್ಕೊಂದು,
ಎಂಟು ದಾಟಿತು, ನಲವತ್ತು ದಾಟಿತು,
ಸುನ್ವಾ ನಾಲ್ಕನೆಯ ನುಡಿ ಎತ್ತಲೇ ಇಲ್ಲ.
ಎಲ್ಲಿಯೋ ನನ್ನ ಎಣಿಕೆ ತಪ್ಪಿಹೋಯಿತು.

ಮರುದಿನ ಹಡಗಿನಲ್ಲಿ, ಕಂಬಿಗೊರಗಿ,
ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು ನನ್ನತ್ತ ಚಾಚಿ
ನೀರು ನೋಡುತ್ತಲೇ ಅಂದಳು:
ಅವನು ಅಷ್ಟು ಮೇಲಿಂದ ಶುರು ಮಾಡುತ್ತಿರಲಿಲ್ಲ.
ಇನ್ನೂ ಕೆಳಗಿಂದ.