ಕಡಲಿಗೆ ಮಟ್ಟವಿಲ್ಲ

ಕೇಟಿಲ್ ಮಾವ,
ಎಲ್ಲವನ್ನೂ ಸಮುದ್ರ ಮಟ್ಟದಿಂದ ಅಳೆಯುತ್ತೇವೆ:
ಬೆಟ್ಟ, ವಿಮಾನ, ಸಾಂಡ್‌ಗೆರ್ಡಿಯ ದೀಪಸ್ತಂಭ,
ನಿನ್ನ ಮನೆಯ ಹೊಸ್ತಿಲು.
ಸಮುದ್ರವನ್ನು ಯಾವುದರಿಂದ ಅಳೆಯುವುದು
ಎಂದು ಕೇಳಿದವರೇ ಕಡಿಮೆ.

ಅದು ಮಟ್ಟಸವಾಗಿಲ್ಲ, ಮಾವ. ಗಾಳಿ ಬಿದ್ದ ದಿನವೂ ಇಲ್ಲ.
ತಳದಲ್ಲಿ ಎರಡು ಕಿಲೋಮೀಟರ್ ಎತ್ತರದ ಬೆಟ್ಟವಿದ್ದರೆ
ಅದರ ಭಾರ ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಂಡು
ಮೇಲೊಂದು ಆಳೆತ್ತರದ ದಿಬ್ಬ.
ಎಷ್ಟು ನಿಧಾನದ ಏರೆಂದರೆ, ಮೂವತ್ತು ವರ್ಷ
ನೀನು ಹತ್ತಿ ಇಳಿದದ್ದು ನಿನಗೇ ತಿಳಿಯಲಿಲ್ಲ,
ಲೋಟದೊಳಗಿನ ಕಾಫಿಗೂ ತಿಳಿಯಲಿಲ್ಲ.

ನನ್ನ ಕೆಲಸ ಇಷ್ಟೇ.
ಎಂಟುನೂರು ಕಿಲೋಮೀಟರ್ ಮೇಲೆ ಸಾಗುವ ಪೆಟ್ಟಿಗೆಯೊಂದು
ಕೆಳಗೆ ಕೂಗು ಹಾಕುತ್ತದೆ,
ಮರುದನಿ ಬರುವ ತನಕ ಎಣಿಸುತ್ತದೆ,
ಸೆಕೆಂಡಿಗೆ ಇಪ್ಪತ್ತು ಸಾಲು ಬರೆದಿಟ್ಟು ಹೋಗುತ್ತದೆ.
ನಾನು ರೇಕ್ಯಾವಿಕ್ಕಿನ ಮೂರನೇ ಮಹಡಿಯಲ್ಲಿ ಕೂತು
ಅದರಿಂದ ಕಡಲನ್ನು ಕಳೆಯುತ್ತೇನೆ.
ಉಬ್ಬರ ಕಳೆ. ಇಳಿತ ಕಳೆ.
ಗಾಳಿ ಒತ್ತಿದ್ದು ಕಳೆ. ಅಲೆ ಕಳೆ.
'ಕಡಲೆಂದರೆ ಅದೇ ಕಣೇ, ಮಿಕ್ಕದ್ದು ಬರೀ ಉಪ್ಪು'
ಎಂದಿದ್ದೆ ನೀನು, ಒಣಮೀನನ್ನು ಸುತ್ತಿಗೆಯಿಂದ ಬಡಿಯುತ್ತ.

ಮಿಕ್ಕದ್ದು ತೂಕ, ಮಾವ.

ಹತ್ತು ವರ್ಷದ ಸಾಲುಗಳನ್ನು ಒಂದರ ಮೇಲೊಂದು ಹಾಸಿದಾಗ
ನಮ್ಮ ದ್ವೀಪದ ದಕ್ಷಿಣಕ್ಕೆ, ತಳದ ಏಣಿನ ಎರಡೂ ಬದಿಗೆ
ಗೀರುಗಳು ಎದ್ದವು:
ದೋಣಿ ಸೀಳಿಕೊಂಡು ಹೋದ ನೀರಿನ ಹಾಗೆ
ಮೊನೆ ದಕ್ಷಿಣಕ್ಕೆ, ತೋಳು ಹಿಂದಕ್ಕೆ,
ಒಂದರೊಳಗೊಂದು, ಅದರೊಳಗೆ ಮತ್ತೊಂದು.

ಕೆಳಗೆ ಕಲ್ಲು ಕುದಿಯುತ್ತಿದೆ ಎನ್ನುತ್ತೇವೆ.
ಕುದಿ ಎಂಬುದು ತಪ್ಪು ಮಾತು, ಅದು ಕರಗಿಲ್ಲ.
ಕಲ್ಲಾಗಿದ್ದುಕೊಂಡೇ ಹರಿಯುತ್ತದೆ,
ಕಾದದ್ದು ಮೇಲಕ್ಕೆ, ಆರಿದ್ದು ಕೆಳಕ್ಕೆ,
ಉಗುರು ಬೆಳೆಯುವಷ್ಟು ಅವಸರದಲ್ಲಿ.
ನಮ್ಮ ಕಾಲಡಿಯಲ್ಲಿ ಅದು ಏದುಸಿರು ಬಿಡುತ್ತದೆ,
ಕೆಲವು ಹತ್ತು ಲಕ್ಷ ವರ್ಷಕ್ಕೊಮ್ಮೆ;
ಉಸಿರಿಗೊಂದು ಗೀರು.
ಪಕ್ಕದ ಮೇಜಿನ ಉಲ್ಫಾರ್ ಒಪ್ಪುವುದಿಲ್ಲ.
ಉಸಿರೂ ಇಲ್ಲ ಗಿಸಿರೂ ಇಲ್ಲ,
ತೊಗಟೆ ಬಿರಿಯುತ್ತ ಬಿರಿಯುತ್ತ ಸಾಗಿದ ಗುರುತು ಎನ್ನುತ್ತಾನೆ.
ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತೇವೆ.

ಈಗ ಹೇಳಬೇಕಾದ್ದು.

ಜನವರಿಯ ಆ ರಾತ್ರಿ
ಹಾಫ್‌ಡೀಸ್ ದೋಣಿಯ ರೇಡಿಯೊ ಸುಮ್ಮನಾಗಿ
ನಲವತ್ತು ನಿಮಿಷಕ್ಕೆ
ಪೆಟ್ಟಿಗೆ ಅದೇ ನೀರಿನ ಮೇಲೆ ಹಾದುಹೋಗಿದೆ.
ನಾನೇನೂ ಹುಡುಕಿಕೊಂಡು ಹೋದವಳಲ್ಲ.
ಕೆಟ್ಟ ಸಾಲುಗಳನ್ನು ಆರಿಸಿ ತೆಗೆಯುವಾಗ
ದಿನಾಂಕ ಕಣ್ಣಿಗೆ ಬಿತ್ತು.
ಅಲೆಯ ಎತ್ತರ: ಹನ್ನೊಂದೂವರೆ ಮೀಟರ್.
ಗುಣಮಟ್ಟ: ಸೊನ್ನೆ.
ಕಳೆಯತಕ್ಕದ್ದು.

ಒಂದು ಸೆಕೆಂಡು, ಮಾವ. ಇಪ್ಪತ್ತು ಸಾಲು.
ಸಾಲಿಗೆ ಮುನ್ನೂರೈವತ್ತು ಮೀಟರ್ ಕಡಲು.
ಯಾವ ಸಾಲಿನಲ್ಲಿದ್ದಿರಿ ನೀವು ಐದು ಜನ?
ಅದಕ್ಕೆ ದೋಣಿ ಕಾಣಿಸದು, ಮನುಷ್ಯರ ಕೂಗು ಕೇಳಿಸದು.
ಸಿಕ್ಕಿದ್ದು ಒರಟು ಮಾತ್ರ,
ಚದುರಿ, ತೊದಲಿ, ತಡವಾಗಿ ಬಂದ ತನ್ನದೇ ದನಿ.
ಮೂರು ದಿನದ ಮೇಲೆ ದಡಕ್ಕೆ ಬಂದ
ಮೀನಿನ ಡಬ್ಬದ ನೀಲಿ ಮುಚ್ಚಳ
ಈಗಲೂ ಅಮ್ಮನ ಅಡಿಗೆಮನೆಯಲ್ಲಿದೆ.
ಅದರ ಮೇಲೆ ಆಲೂಗಡ್ಡೆ ಹೆಚ್ಚುತ್ತಾಳೆ.

ಕಲ್ಲೂ ಕರಗುವ ಹೊತ್ತು.
ಕಟ್ಟಡದ ಕೊಳವೆಗಳಲ್ಲಿ ನೆಲದಡಿಯ ಬಿಸಿನೀರು
ಗೊಣಗಿಕೊಂಡು ಹರಿಯುವ ಸದ್ದು. ಬೆರಳು ಗುಂಡಿಯ ಮೇಲೆ.

ಅಳಿಸಿದೆ.
ಅಳಿಸದಿದ್ದರೆ ಗೀರು ಮಬ್ಬಾಗುತ್ತದೆ,
ಉಲ್ಫಾರ್ ಯಾಕೆಂದು ಕೇಳುತ್ತಾನೆ.
ಅದಕ್ಕೂ ಮುಂಚೆ ಇಪ್ಪತ್ತೂ ಸಾಲನ್ನು
ಪೆನ್ಸಿಲ್ಲಿನಲ್ಲಿ ಇಳಿಸಿಕೊಂಡೆ,
ಮೀನಿನಂಗಡಿಯ ರಸೀದಿಯ ಬೆನ್ನಿಗೆ.
ಹದಿನೇಳನೆಯದಕ್ಕೆ ಜಾಗ ಸಾಲದೆ
ಉಳಿದದ್ದು ಅಂಚಿನ ಗುಂಟ ಬಾಗಿವೆ.

ಬೆಳಗಾಗುವಾಗ ನಕ್ಷೆ ಸ್ವಚ್ಛ.
ಕಡಲು ಕಳೆದ ಕಡಲು.
ಅದರಡಿಯಲ್ಲಿ ಯಾರೂ ನಡೆಸದ ಯಾವುದೋ ದೋಣಿ
ದಕ್ಷಿಣಕ್ಕೆ ಹೋಗುತ್ತಲೇ ಇದೆ.

ಅಮ್ಮ ಫೋನಿನಲ್ಲಿ ಕೇಳಿದಳು, ಇವತ್ತು ಕಡಲು ಹೇಗಿದೆ?
ಎದ್ದು ಕಿಟಕಿಯ ಹತ್ತಿರ ಹೋಗಿ ನೋಡಿ ಹೇಳಿದೆ:
ಪಡುಗಾಳಿ. ಒರಟಾಗಿದೆ.