ಚೆಕ್ಕುಬಂದಿ

ಮೊದಲ ಕರಡಿನಲ್ಲಿ ನಾನು ಬರೆದಿದ್ದೆ:
‘ಪ್ರತಿವಾದಿಯು ನಿರ್ದಯವಾಗಿ, ಕಾನೂನಿಗೆ
ಕವಡೆಯ ಕಿಮ್ಮತ್ತೂ ಕೊಡದೆ, ಬಡ ವಿಧವೆಯ
ಜಾಗವನ್ನು ನುಂಗಿರುತ್ತಾನೆ.’
ವೀರಭದ್ರಯ್ಯ ವಕೀಲರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.
ನಿರ್ದಯ ಹೋಯಿತು. ಕವಡೆ ಹೋಯಿತು.
‘ನುಂಗಾಕ ಅವ ಹೆಬ್ಬಾವೇನು ತಂಗಿ?
ಎಷ್ಟು ಫೂಟು, ಯಾವ ದಿಕ್ಕು, ಯಾವ ತಾರೀಖು, ಅಷ್ಟ ಬರಿ.
ಸಿಟ್ಟು ನೀ ಬರೀಬ್ಯಾಡ.
ಬರೋದಿದ್ದರ ಜಡ್ಜ್ ಸಾಹೇಬರಿಗೇ ಬರಲಿ.’

ಚಿತ್ತಾಪುರ ಕೋರ್ಟಿನ ಹಿಂದೆ ತಗಡಿನ ಶೆಡ್ಡು,
ಏಪ್ರಿಲ್ಲಿಗೇ ಕಾದ ಹಂಚು. ಕೆಳಗೆ ಫರಸಿ ಮಾತ್ರ ತಂಪು.
ಸಾಬಮ್ಮ ಅದರ ಮೇಲೇ ಕೂರುತ್ತಾಳೆ, ಕುರ್ಚಿ ಒಲ್ಲಳು.
ಅವಳ ಕಥೆ ಯಾವಾಗಲೂ ಮದುವೆಯಿಂದ ಶುರು:
ಓಣಿಯಲ್ಲಿ ಬಂಡಿಯಿಂದ ಇಳಿಯುವಾಗ ಒಡೆದ ಬಳೆ,
ಅತ್ತೆ ಹಾಕಿದ ಮೊದಲ ರೊಟ್ಟಿ, ಅದರ ಮೇಲಿನ ಹಿಂಡಿ.
ನಾನು ಕೇಳುತ್ತೇನೆ,
‘ದಾವೆಯ ಕಾರಣ ಉದ್ಭವಿಸಿದ್ದು ಯಾವಾಗ?’
‘ಉದ್ಭವ ಅಂದ್ರ? ಲಿಂಗ ಎದ್ದಂಗೇನು?’
‘ಅಲ್ಲಬೇ. ಗ್ವಾಡಿ ಯಾವಾಗ ಕಟ್ಟಿದ?’
‘ಪಂಚಮಿ ಮುಂದ. ನಾ ತವರಿಗೆ ಹೋಗಿದ್ದೆ.
ಬಂದು ನೋಡಿದ್ರ ಗಿಡಾನ ಇಲ್ಲ.
ಹುಡುಗೂರು ಜೋಕಾಲಿ ಹಗ್ಗ ಹಿಡಕೊಂಡು ನಿಂತಾವ.’

ನಾನು ಬರೆದೆ: ಜುಲೈ ಕೊನೆಯ ವಾರ.
ಹಗ್ಗಕ್ಕೆ ಯಾವ ಕಲಮೂ ಇರಲಿಲ್ಲ.

ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ,
ಅದರೊಳಗೆ ಫಸಲಿ 1352ರ ಕಾಗದ. ಉರ್ದು.
ಖದೀರ ಚಾಚಾ ಭೂತಗನ್ನಡಿ ಹಿಡಿದು
ಬಲದಿಂದ ಎಡಕ್ಕೆ ಮೆಲ್ಲಗೆ ಸರಿದರು:
‘ಮಗ್ರಿಬ್, ಅಂದ್ರ ಪಡುವಣ. ದರಖ್ತೆ ನೀಮ್. ಬೇವಿನ ಗಿಡ.
ಗಿಡದಿಂದ...’
ಮುಂದೆ ತೂತು.
‘ಎಷ್ಟು ಗಜ ಅಂತಿತ್ತೋ, ತಿಂದ ಹುಳಕ್ಕ ಗೊತ್ತು.’

ಪೂರ್ವಕ್ಕೆ: ಸರಕಾರಿ ರಸ್ತೆ.
ಉತ್ತರಕ್ಕೆ: ಬಸವಂತರೆಡ್ಡಿಯವರ ತೊಗರಿ ಗೋದಾಮು.
ದಕ್ಷಿಣಕ್ಕೆ: ಓಣಿಯ ಬಚ್ಚಲ ನೀರಿನ ಕಾಲುವೆ.
ಪಶ್ಚಿಮಕ್ಕೆ:

ಇಲ್ಲಿ ನನ್ನ ಪೆನ್ನು ನಿಂತಿತು.
ಗೋಡೆ ಎಂದರೆ ಅವನ ಗೋಡೆಯನ್ನು ನಾವೇ ಒಪ್ಪಿದ ಹಾಗೆ.
ಗಿಡ ಎಂದರೆ, ನಾಳೆ ಕಮಿಷನರು ಟೇಪು ಹಿಡಿದು ಬಂದಾಗ
ಯಾವುದರ ಸುತ್ತ ಸುತ್ತಬೇಕು?
ಖಾಲಿ ಬಿಟ್ಟರೆ ಕಚೇರಿಯ ತಕರಾರು,
‘ಚೆಕ್ಕುಬಂದಿ ಅಪೂರ್ಣ’, ಕಟ್ಟು ವಾಪಸ್ಸು.
ಮಧ್ಯಾಹ್ನವೆಲ್ಲ ಆ ಒಂದು ಸಾಲಿನ ಮುಂದೆ
ಬಸ್ಸು ತಪ್ಪಿದವಳ ಹಾಗೆ ಕೂತಿದ್ದೆ.
ಕೊನೆಗೆ ಬರೆದೆ:
‘ಬೇವಿನ ಗಿಡ ಇದ್ದ ಜಾಗ.’

ಟೈಪಿಸ್ಟ್ ಥಾವರು ಕೀಲಿಮಣೆಯಿಂದ ಬೆರಳೆತ್ತಿದ,
‘ಇದ್ದ ಅಂತೀರಾ ಅಕ್ಕಾ? ಇರುವ ಅಂತ ಹೊಡೀಲೇನು?’
‘ಇದ್ದ.’

ವಕೀಲರು ಓದಿದರು. ಪೆನ್ನಿನ ಮುಚ್ಚಳ ತೆಗೆದೇ ಇತ್ತು.
ಹಾಳೆ ಬಿಟ್ಟು ಸಾಬಮ್ಮನ ಕಡೆ ತಿರುಗಿದರು:
‘ಬುಡ ಕಿತ್ತಾನೋ, ಬರೇ ಕಡದಾನೋ?’
‘ಕಡದಾನ್ರಿ. ಕೀಳಾಕ ಅವನಪ್ಪನ ಕೈಲೂ ಆಗಂಗಿಲ್ಲ.
ಗ್ವಾಡಿ ಬಿರುಕಿನಾಗಿಂದ ಚಿಗೀತದ,
ಅವನ ಹೆಂಡ್ತಿ ದಿನಾ ಮುರೀತಾಳ.’
‘ಮತ್ತ ಇದನ್ನ ಮೊದಲ ಹೇಳಬೇಕಿಲ್ಲೇನು!’
‘ಯಾರು ಕೇಳಿದ್ರಿ?’

ನನ್ನ ಕಿವಿ ಬಿಸಿಯಾಯಿತು.
ಆರನೇ ಕಂಡಿಕೆಗೆ ಒಂದು ಸಾಲು ಸೇರಿತು,
ಚಿಗುರಿನ ಫೋಟೋಗೆ ಒಂದು ಅನುಬಂಧ.
ವಿಶೇಷಣ ಒಂದೂ ಇಲ್ಲ.

ಸಂಜೆ ಸತ್ಯಾಪನೆಯ ಸಾಲು ಓದಿ ಹೇಳಿದೆ:
‘ಮೇಲೆ ಬರೆದದ್ದೆಲ್ಲ ನನ್ನ ತಿಳುವಳಿಕೆಯ ಮಟ್ಟಿಗೆ ನಿಜ.’
ಸಾಬಮ್ಮ ಹೆಬ್ಬೆಟ್ಟು ಮಸಿಗೆ ಒತ್ತಿ, ತಡೆದಳು.
‘ಇದರಾಗ ಜೋಕಾಲಿ ಬಂದದೇನು?’
‘ಇಲ್ಲಬೇ.’
‘ಬಳಿ?’
‘ಇಲ್ಲ.’
‘ಹಂಗಾದ್ರ ಎಲ್ಲಾ ಅಲ್ಲ ಇದು,’ ಅಂದಳು,
‘ಬರದದ್ದು ಮಾತ್ರ ನಿಜ.’

ನಾಲ್ಕು ಪ್ರತಿಗೂ ಒತ್ತಿದಳು.
ಉಳಿದ ಮಸಿಯನ್ನು ಫರಸಿಗೆ ಒರೆಸಿ,
ಐದೂವರೆ ಬಸ್ಸಿಗೆ ಎದ್ದಳು.