ಬೋರ್ಡಿನಲ್ಲಿ ಜಾಗ ಸಾಲಲಿಲ್ಲ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದೆ
ಗೊಬ್ಬರದ ತೊಟ್ಟಿಗೆ ಬೋರ್ಡು ಬರೆದವನು ನಾನೇ.
ಎಡಕ್ಕೆ ಹಸಿರು: ಹಾಕಬಹುದು.
ಬಲಕ್ಕೆ ಕೆಂಪು: ಹಾಕಬಾರದು.
ನಾಲ್ಕಡಿ ತಗಡು, ನಗರಸಭೆ ಒಪ್ಪಿದ್ದು ಆರುನೂರು,
ಅದರಲ್ಲಿ ಐವತ್ತು ಇನ್ನೂ ಬಾಕಿ.

ಹಿಪ್ಪುನೇರಳೆ ಕಡ್ಡಿ, ಹುಳದ ಹಿಕ್ಕೆ,
ಸೋರೆಕಾಯಿ ಸಿಪ್ಪೆ, ಟೀ ಚರಟ, ಸಲೀಸಾಗಿ ಬರೆದೆ.
ಮೂಳೆ, ಕರಿದ ಎಣ್ಣೆ, ಹಾಲಿನ ಕವರು, ಅವೂ.

ತಕರಾರು ಆಮೇಲೆ.
ನೂಲು ಬಿಚ್ಚುವ ಜಬೀನ್ ತಾಜ್ ಬಂದು,
ಬಾಣಲೆಯಲ್ಲಿ ಉಳಿಯುವ ಬೆಂದ ಹುಳ
ಯಾವ ಕಡೆ ಅಣ್ಣಾ, ಸಿಪ್ಪೆಯೋ ಮಾಂಸವೋ, ಅಂದಳು.
ಬಣ್ಣದ ಡಬ್ಬಿ ಮುಚ್ಚಿ ತಲೆ ಕೆರೆದುಕೊಂಡೆ.

ಹೂವು ಸರಿ, ದಾರ ಬೇಡ ಎಂದಿದ್ದಕ್ಕೆ
ಪಿಳ್ಳಮ್ಮಜ್ಜಿ ಕಟ್ಟೆ ಮೇಲೆ ಕೂತು
ಮಾರದೆ ಉಳಿದ ಮೂರು ಮಾರು ಕನಕಾಂಬರ
ಗಂಟು ಗಂಟೇ ಬಿಚ್ಚಿದಳು.
ಬೆಳಗಿನ ಜಾವ ಕಟ್ಟಿದವಳೂ ಅವಳೇ.

ದೃಷ್ಟಿ ತೆಗೆದ ನಿಂಬೆಹಣ್ಣನ್ನು ಮಾತ್ರ
ತೊಟ್ಟಿ ಕಾಯುವ ಮುನಿಶಾಮಪ್ಪ ಮುಟ್ಟಲೊಲ್ಲ.
ಹುಳಿ ಜಾಸ್ತಿ, ಎರೆಹುಳಕ್ಕೆ ಆಗಲ್ಲ, ಎನ್ನುತ್ತಾನೆ,
ನೋಟ ಬೇರೆಲ್ಲೋ.

ಮೂರು ತಿಂಗಳಿಗೆ ಜರಡಿ ಹಿಡಿದೆವು.
ಕೆಳಗೆ ಕಪ್ಪು ಪುಡಿ, ರಾಗಿ ತರಿಯಷ್ಟು ನಯ.
ಮೇಲೆ ಉಳಿದದ್ದು ಬಳೆಚೂರು, ಒಂದು ಮೊಳೆ,
ಅಜ್ಜಿಯ ಕಣ್ಣು ತಪ್ಪಿದ ಒಂದು ಗೇಣು ದಾರ,
ಮತ್ತೆ ಒಂದು ರೇಷ್ಮೆಗೂಡು.
ಮಣ್ಣು ಮೆತ್ತಿದೆ. ಒಂದು ತುದಿಗೆ ತೂತು.

ಜಬೀನ್ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು,
ದಿನಾ ಸಾವಿರ ಗೂಡು ಅಲ್ಲಾಡಿಸುವ ಕೈ.
ಸದ್ದಿಲ್ಲ.
ಹೋಗಿಬಿಟ್ಟಿದೆ ಅಂತ ನಕ್ಕು
ಗೂಡನ್ನು ಸೆರಗಿಗೆ ಕಟ್ಟಿಕೊಂಡಳು.

ಬೋರ್ಡಿನ ಕೆಳಗೆ ಒಂದಂಗುಲ ಖಾಲಿ ಇದೆ.
ಯಾವ ಬಣ್ಣ ಅಂತ ಹೊಳೆದಿಲ್ಲ.
ಐವತ್ತು ರೂಪಾಯಿಯೂ ಬರಲಿ.